ನೂರಾ ಐವತ್ತು ತೋಳು

“ಮೊದಲು ಸಾಯೋರನ್ನ ಎಣಸೋದು ಕಲೀಬೇಕೋ, ಸಾಯದಂಗ ಮಾಡೋದು ಕಲೀಬೇಕೋ?”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ತಾನು ಗಟ್ಟಿಯಾಗಿ ಆಡಿದೆನೆಂದು ಮಚ್ಛೇಂದ್ರನಿಗೆ ತಿಳಿದದ್ದು. ಬೀದರಿನ ಆರೋಗ್ಯ ಕಚೇರಿಯ ಪಡಸಾಲೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಕಮಾನಿನ ಸಂದಿಯಲ್ಲಿ ಎರಡು ಪಾರಿವಾಳಗಳಿದ್ದವು. ಅವು ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ತೊಡೆಯ ಮೇಲೆ ಒಂದು ಹಾಳೆ. ಮೇಲೆ ‘ಅಭ್ಯಾಸದ ಯೋಜನೆ’ ಎಂದು ತಲೆಬರಹ. ಬಿ.ಎಸ್‌ಸಿ. ಮೊದಲ ವರ್ಷ: ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ. ಎರಡನೆಯ ವರ್ಷ ಎಂದು ಬರೆದಲ್ಲಿ ಪೆನ್ನು ನಿಂತಿತ್ತು. ಸೂಕ್ಷ್ಮಜೀವಿಗಳೋ, ಅಂಕಿಸಂಖ್ಯೆಯೋ? ಅದರ ಕೆಳಗೆ ಒಂದು ಅಡ್ಡಗೆರೆ. ಗೆರೆಯ ಕೆಳಗೆ: ಕಲಕತ್ತೆ, ಸಾರ್ವಜನಿಕ ಆರೋಗ್ಯದ ಉನ್ನತ ಪದವಿ. ಆ ಕೊನೆಯ ಸಾಲನ್ನು ಎಲ್ಲಕ್ಕಿಂತ ಮೊದಲೇ ಬರೆದಿಟ್ಟಿದ್ದ, ಮಾಳಿಗೆಯನ್ನು ಕಟ್ಟಿಟ್ಟು ಆಮೇಲೆ ಮೆಟ್ಟಿಲು ಹುಡುಕುವವನ ಹಾಗೆ.

ಗುಲಬರ್ಗಾದಲ್ಲಿ ಇಂಟರ್ ಮುಗಿಸಿ ವರ್ಷವಾಗಿತ್ತು. ಮೊದಲಾಗಿದ್ದರೆ ಹೈದರಾಬಾದಿನ ರೈಲು ಹತ್ತಿಬಿಡಬಹುದಿತ್ತು. ಹೋದವರೆಲ್ಲ ಹಾಗೇ ಹೋಗಿದ್ದರು. ಹೋದ ನವೆಂಬರಿನಲ್ಲಿ ಒಂದು ಬೆಳಗಾಗುವುದರೊಳಗೆ ಹೈದರಾಬಾದು ಬೇರೆ ರಾಜ್ಯದ ಊರಾಯಿತು, ಬೀದರು ಮೈಸೂರು ರಾಜ್ಯಕ್ಕೆ ಬಂತು. ಈಗ ಅರ್ಜಿ ಮೈಸೂರಿಗೆ ಹೋಗಬೇಕು. ಜೊತೆಗೆ ಈ ಹಾಳೆ. ಹಾಳೆಯ ಜೊತೆಗೆ, ಈ ಅಭ್ಯರ್ಥಿ ಹಳ್ಳಿಗಳಲ್ಲಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾನೆಂದು ಜಿಲ್ಲೆಯ ಆರೋಗ್ಯಾಧಿಕಾರಿಯ ಶಿಫಾರಸು. ಫೆಬ್ರುವರಿಯಿಂದ ಅವನು ಚುಚ್ಚುಮದ್ದು ಹಾಕುವ ಹಂಗಾಮಿ ಕೆಲಸದಲ್ಲಿದ್ದದ್ದು ಆ ಒಂದು ಸಹಿಗಾಗಿ. ನಾಳೆಯ ಟಪಾಲು ತಪ್ಪಿದರೆ ಒಂದು ವರ್ಷ ತಪ್ಪಿದ ಹಾಗೆ.

“ಯಾರ ಜೋಡಿ ಮಾತಾಡ್ಲತ್ತೀರಿ, ಮಿಯಾ?”

ಗುಮಾಸ್ತ ಗುಲಾಮ ರಸೂಲರು ಬಾಗಿಲ ಕೀಲಿ ತೆಗೆಯುತ್ತಿದ್ದರು. ಕಂಕುಳಲ್ಲಿ ಮಕ್ಕಳ ಕನ್ನಡ ಅಂಕಲಿಪಿ.

“ಯಾರ ಜೋಡೀನೂ ಇಲ್ರಿ.”

“ನಂದೂ ಅದೇ ಹಾಲತ್ ನೋಡ್ರಿ. ಈ ಅಕ್ಷರಗಳ ಜೋಡಿ ದಿನಾ ಮಾತಾಡ್ತೇನಿ, ಅವು ಹ್ಞೂಂ ಅನ್ನಂಗಿಲ್ಲ. ಮೂವತ್ತು ವರ್ಷ ಉರ್ದು ಬಲಗಡಿಯಿಂದ ಬರದೆ. ಈಗ ಎಡಗಡಿಯಿಂದ ಬರಿ ಅಂತಾರ.” ಅವರು ಮಚ್ಛೇಂದ್ರನ ಅರ್ಜಿಯನ್ನು ಇಸಿದುಕೊಂಡು ಬೆರಳಿಟ್ಟು ಓದಿದರು. “ಇದೊಂದು ಖಾನಾ ಖಾಲಿ ಬಿಟ್ಟೀರಲ್ಲ. ಜಾತಿ, ಧರ್ಮ.”

“ಇರ್ಲಿ ಬಿಡ್ರಿ.”

“ಹಳೇದು ಬರದ್ರ ಸೀಟು ಸರಳ. ಹೊಸಾದು ಬರದ್ರ ಭಾಳ ಸವಾಲು ಕೇಳ್ತಾರ.”

“ಗೊತ್ತದರಿ.”

“ಹಂಗಾದ್ರ?”

“ಹಂಗಾದ್ರ ಖಾಲಿ ಇರ್ಲಿ.”

ಖಾಲಿ ಬಿಡುವುದರಲ್ಲಿ ಒಂದು ಸೆಡ್ಡು ಇದೆಯೆಂದು ಅವನು ರಾತ್ರಿ ತನಗೆ ತಾನೇ ಹೇಳಿಕೊಂಡಿದ್ದ. ಅಪ್ಪ ಕಾಶೀರಾಮ ದಸರೆಗೆ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಾಗ ಇವನು ಇಂಟರ್ ಮುಗಿದರೂ ಗುಲಬರ್ಗಾದ ಕೋಣೆಯಲ್ಲೇ ಉಳಿದಿದ್ದ. ಕೇರಿಯ ಸಾಲಿಮಾಸ್ತರ ಕೈಯಿಂದ ಅಪ್ಪ ಒಂದು ಕಾರ್ಡು ಬರೆಸಿ ಹಾಕಿದ್ದ: ಇನ್ನು ಮೇಲೆ ನಾವು ಬೌದ್ಧರು, ನೀನೂ ಕೂಡ, ಆರೋಗ್ಯದ ಕಡೆ ಲಕ್ಷ್ಯ ಇರಲಿ. ಮಚ್ಛೇಂದ್ರ ಟಪಾಲಿನಲ್ಲಿ ಬೌದ್ಧನಾದವನು.

ಆರೋಗ್ಯಾಧಿಕಾರಿ ಡಾಕ್ಟರು ಹತ್ತಕ್ಕೆ ಬಂದರು. ಮೈಸೂರ ಕಡೆಯವರು, ಬಂದು ಐದು ತಿಂಗಳು. ಬೀದರಿನ ಬಿಸಿಲನ್ನು ಇನ್ನೂ ಕ್ಷಮಿಸಿರಲಿಲ್ಲ. ಹಾಳೆಯನ್ನು ಎರಡು ಸಲ ಓದಿದರು.

“ಡಾಕ್ಟರಾಗದೆ ಸಾರ್ವಜನಿಕ ಆರೋಗ್ಯ ಓದ್ತೀರಾ?”

“ಓದಬಹುದು ಅಂತ ಅವರ ಕೈಪಿಡಿಯಾಗ ಅದರಿ. ವಿಜ್ಞಾನದ ಪದವಿ ಇದ್ರ ಸಾಕಂತ.”

“ಕೈಪಿಡಿಯಾಗ,” ಎಂದು ಡಾಕ್ಟರು ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು. “ನಿಮ್ಮ ಕನ್ನಡ ಚೆನ್ನಾಗಿದೆ ಕಣ್ರೀ. ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟೆ.”

“ನಿಮ್ಮದೂ ಹಂಗೇ ಅದರಿ.”

ಡಾಕ್ಟರು ನಕ್ಕರು. ಆ ನಗು ಅವನನ್ನು ಬೈಗುಳಕ್ಕಿಂತ ಹೆಚ್ಚು ಕಂಗೆಡಿಸಿತು. ಅವರು ದಪ್ಪ ರಿಜಿಸ್ಟರು ಎಳೆದುಕೊಂಡು ಒಂದು ಪುಟ ತೆರೆದರು.

“ಔರಾದ ತಾಲ್ಲೂಕು. ಠಾಣಾ ಕುಶನೂರಿನ ಆಚೆ, ಹಳ್ಳದ ದಂಡೆಯ ಊರು. ನಿಮ್ಮದೇ ಅಲ್ವಾ? ಹತ್ತು ದಿನದಲ್ಲಿ ಏಳು ಜನಕ್ಕೆ ಕಾಲರಾ, ಮೂರು ಸಾವು. ಚುಚ್ಚುಮದ್ದು ಸೊನ್ನೆ. ಇಬ್ಬರನ್ನ ಕಳಿಸಿದೆ, ಇಬ್ಬರೂ ಡಬ್ಬಿ ಹಾಗೇ ವಾಪಸ್ಸು ತಂದ್ರು.”

“ನನ್ನ ಕಳಸಲಿಲ್ಲಲ್ರಿ.”

“ನೀವು ಕೇಳಲಿಲ್ಲ.”

ಅದು ನಿಜ. ಊರಿನ ಹೆಸರು ಪಟ್ಟಿಯಲ್ಲಿ ಕಂಡ ದಿನ ಅವನು ಭಾಲ್ಕಿ ಸ್ಟೇಷನ್ನಿನ ಕೆಲಸ ಕೇಳಿ ಪಡೆದಿದ್ದ. ರೈಲಿನಿಂದ ಇಳಿಯುವವರು ಅಪರಿಚಿತರು. ತೋಳು ಕೊಡುತ್ತಿದ್ದರು, ಹೋಗುತ್ತಿದ್ದರು. ಯಾರ ಮಗ ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪನಿಗೆ ಮಾತ್ರ ಒಂದು ಕಾರ್ಡು ಹಾಕಿದ್ದ: ನೀರು ಕಾಸಿ ಕುಡಿಯಿರಿ.

“ಊರಲ್ಲಿ ಮುನ್ನೂರು ಚಿಲ್ಲರೆ ಜನ,” ಎಂದರು ಡಾಕ್ಟರು. “ಅರ್ಧ ಸಾಕು. ನೂರಾ ಐವತ್ತು ತೋಳು. ಪಟ್ಟಿ ತಂದು ಈ ಮೇಜಿನ ಮೇಲಿಡಿ, ನಾಳೆ ಟಪಾಲು ಹೊರಡೋ ಮುಂಚೆ ಶಿಫಾರಸಿಗೆ ಸಹಿ ಮಾಡ್ತೀನಿ. ಸ್ವಂತ ಊರಿಗೇ ಚುಚ್ಚಲಾರದವನು ಕಲಕತ್ತೆಗೆ ಹೋಗಿ ಏನು ಕಲೀತಾನೆ, ಹೇಳಿ?”

ಹೇಳಲು ಅವನ ಬಳಿ ಒಂದು ವಾಕ್ಯ ಸಿದ್ಧವಿತ್ತು. ಬಸ್ಸು ನೌಬಾದ ದಾಟಿದ ಮೇಲೆ ಅದನ್ನು ಮನಸ್ಸಿನಲ್ಲೇ ಪೂರ್ತಿ ಹೇಳಿದ, ಬಹಳ ಚೆನ್ನಾಗಿ ಹೇಳಿದ. ಆಮೇಲೆ ಹಾಳೆ ಬಿಚ್ಚಿ ಎರಡನೆಯ ವರ್ಷದ ಮುಂದೆ ‘ಅಂಕಿಸಂಖ್ಯೆ’ ಎಂದು ಬರೆದ. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾದವು.

ಭಾಲ್ಕಿಯ ದವಾಖಾನೆಯಲ್ಲಿ ಮದ್ದಿನ ಡಬ್ಬಿ ಇಸಿದುಕೊಂಡ. ಅದಕ್ಕೆ ಒದ್ದೆ ಗೋಣಿ ಸುತ್ತಿತ್ತು. ಕುಶನೂರಿನಲ್ಲಿ ಬಸ್ಸಿಳಿದು ಅದನ್ನು ಹೆಗಲಿಗೆ ಹಾಕಿಕೊಂಡು ಮೂರು ಮೈಲಿ ನಡೆದ. ತೊಗರಿಯ ಕೂಳೆ ನಿಂತ ಹೊಲಗಳು, ಮೇಲೆ ಬಿಳಿ ಆಕಾಶ. ಗೋಣಿಯ ನೀರು ಬೆನ್ನಮೇಲೆ ಇಳಿಯುತ್ತಿತ್ತು. ತಾನು ಮದ್ದು ಹೊತ್ತವನೋ, ನೀರು ಹೊತ್ತವನೋ ಎಂಬುದು ದೂರದಿಂದ ನೋಡುವವರಿಗೆ ತಿಳಿಯಲಿಕ್ಕಿಲ್ಲ ಎನಿಸಿತು. ಚಾವಡಿಯ ಮುಂದಿನ ಬೇವಿನ ಮರದ ಕೆಳಗೆ ಜನ ಸೇರಿತ್ತು. ಅವರ ನಡುವೆ ಗಾಡಿ ನಿಂತಿತ್ತು.

ಮೊಣಕಾಲೆತ್ತರದ ಮರದ ಗಾಡಿ. ಹೊಸ ಕಟ್ಟಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲೆ ಒಂದು ಮೊರ. ಮೊರದಲ್ಲಿ ಅರಿಶಿನ, ಹಸಿರು ಬಳೆ, ಖಣ, ಕಾಲು ಕಟ್ಟಿದ ಕಪ್ಪು ಕೋಳಿ. ಊರಿಗೆ ವಾಂತಿಭೇದಿ ಬಂದರೆ ಮರಗಮ್ಮ ಬಂದಳೆಂದು ಲೆಕ್ಕ. ಅವಳನ್ನು ಈ ಗಾಡಿಯಲ್ಲಿ ಕೂರಿಸಿ, ಎಳೆದೊಯ್ದು, ಊರ ಸೀಮೆ ದಾಟಿಸಿ ಬಿಟ್ಟುಬರಬೇಕು. ಮುಂದಿನ ಊರಿನವರು ಅಲ್ಲಿಂದ ಅದರ ಮುಂದಿನ ಊರಿಗೆ ದಾಟಿಸುತ್ತಾರೆ. ಹಾಗೆ ಎಲ್ಲಿಯವರೆಗೆ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ.

“ಬಾರಪಾ ಡಾಕ್ಟರ್,” ಎಂದ ಪೊಲೀಸ್ ಪಾಟೀಲ ಹಣಮಂತಪ್ಪ. ಹಿರಿಯ ಮನುಷ್ಯ, ಕುರಿಯ ದೊಡ್ಡ ಹಿಂಡಿನ ಒಡೆಯ. ಮೂರು ದಿನದ ಹಿಂದೆ ಅವನ ತಮ್ಮನ ಹೆಂಡತಿ ತೀರಿದ್ದಳು. “ಊರಿನ ಹಾದಿ ನೆನಪಾತು ಅಂದಂಗಾತು.”

“ಸೂಜಿ ಹಾಕ್ಲಿಕ್ಕ ಬಂದೇನ್ರಿ, ಪಾಟೀಲರ.”

“ಹಾಕೋವಂತಿ. ಬ್ಯಾಡ ಅಂದವರ್ಯಾರು? ಆದ್ರ ದೇವಿ ಒಳಗದಾಳ. ಈಗ ಚುಚ್ಚಿದ್ರ ಬಾಗಲಾ ಮುಚ್ಚಿ ಚಿಲಕಾ ಹಾಕಿದಂಗಾಗ್ತದ. ಅಕಿ ಹೊರಗ ಹ್ಯಾಂಗ ಹೋಗ್ಬೇಕು? ಮೊದಲು ಬಂದಿದ್ರಲ್ಲ ಇಬ್ರು, ಅವರಿಗೂ ಇದೇ ಹೇಳಿ ಕಳಸೀನಿ. ಈ ಗಾಡಿ ಸೀಮಿ ದಾಟ್ಲಿ. ಮುಂದಿನ ಗಳಿಗ್ಯಾಗ ಇಡೀ ಊರು ತೋಳು ಕೊಡ್ತದ. ನಂದು ಮೊದಲನೇ ತೋಳು. ನನ್ನ ಮಾತು ನಿನಗ ಗೊತ್ತದ.”

ಗೊತ್ತಿತ್ತು. ಹಣಮಂತಪ್ಪ ಕೊಟ್ಟ ಮಾತು ತಪ್ಪಿದವನಲ್ಲ.

“ಮತ್ತ ದಾಟಸ್ರಿ.”

“ಎಳಿಯವರು ಬೇಕಲ್ಲ,” ಎಂದು ಹಿಂದಿನಿಂದ ಯಾರೋ ನಕ್ಕರು. “ನಿಮ್ಮಪ್ಪ ಬುದ್ಧ ಆಗ್ಯಾನಂತ. ಹಗ್ಗಾ ಮುಟ್ಟಂಗಿಲ್ಲಂತ.”

ನಗು ಮರದ ಸುತ್ತ ಹಬ್ಬಿತು. ಗಾಡಿ ಎಳೆಯುವುದು ಮಚ್ಛೇಂದ್ರನ ಮನೆತನಕ್ಕೆ ಬಂದ ಕೆಲಸ. ಅದನ್ನು ಊರು ಹಕ್ಕು ಎಂದು ಕರೆಯುತ್ತಿತ್ತು. ಅಜ್ಜ ಎಳೆದ, ಅಪ್ಪ ನಲವತ್ತು ವರ್ಷ ಎಳೆದ. ಈ ಸಲ ಕಾಶೀರಾಮ ಒಲ್ಲೆ ಎಂದಿದ್ದಾನೆ. ಮೂರು ದಿನದಿಂದ ಗಾಡಿ ಇಲ್ಲೇ ನಿಂತಿದೆ.

“ನಾನೇ ಎಳೀತೇನಿ,” ಎಂದ ಮಚ್ಛೇಂದ್ರ.

ಹಣಮಂತಪ್ಪ ಅವನನ್ನು ಅಂಗಿಯಿಂದ ಬೂಟಿನ ತನಕ ನೋಡಿ ತಲೆ ಅಲ್ಲಾಡಿಸಿದ. “ಅಪ್ಪ ಇರೂತನಾ ಮಗ ಹಗ್ಗಾ ಹಿಡಿಯಂಗಿಲ್ಲ. ನಿನಗ ಗೊತ್ತಿಲ್ಲೇನು ತಮ್ಮಾ?”

ಗೊತ್ತಿತ್ತು. ಬಾಯಿ ತೆರೆಯುವ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಧೈರ್ಯ ಬಂದದ್ದು ಎಂಬುದು ಈಗ ತಿಳಿದು ಅವನ ಕಿವಿ ಬಿಸಿಯಾಯಿತು.

“ನೀ ಕಲಿತವ. ನಿಮ್ಮಪ್ಪಗ ನಾಕು ಮಾತು ಹೇಳು. ಹಳ್ಳದ ಆಕಡಿ ಈಗ ಬೊಂಬಾಯಿ ಸರಕಾರ ಬಂದದ. ಅವರ ವಾಂತಿಭೇದಿ ಅವರು ನೋಡ್ಕೋತಾರ. ನಮಗ್ಯಾಕ?”

ಕೇರಿಯ ಕಡೆ ನಡೆಯುವಾಗ ಮಚ್ಛೇಂದ್ರ ಲೆಕ್ಕ ಹಾಕಿದ. ಹಳ್ಳಕ್ಕೆ ಎರಡು ಫರ್ಲಾಂಗು. ಗಾಡಿಯ ತೂಕ ಹತ್ತು ಸೇರಿಗಿಂತ ಹೆಚ್ಚಿಲ್ಲ. ಅರ್ಧ ಗಂಟೆಯ ಕೆಲಸ. ಆಚೆ ದಂಡೆಯಲ್ಲಿ ಯಾರಿಗಾದರೂ ಬಂದರೆ ಅದು ಬೇರೆ ರಾಜ್ಯದ ರಿಜಿಸ್ಟರಿನಲ್ಲಿ ಸೇರುತ್ತದೆ. ಇದು ಪಾಟೀಲನ ಮಾತು ಎಂದುಕೊಂಡ; ಡಾಕ್ಟರರ ಮಾತಿರಬಹುದು ಎಂದುಕೊಂಡ. ಎರಡೂ ಅಲ್ಲ. ಅದು ಅವನದೇ ದನಿಯಲ್ಲಿತ್ತು, ಅಚ್ಚುಕಟ್ಟಾಗಿ.

ಕೇರಿಯ ಹದಿನೆಂಟು ಮನೆಗಳಲ್ಲಿ ಯಾರೂ ಸತ್ತಿರಲಿಲ್ಲ. ನಡು ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು. ಕಾಶೀರಾಮ ಅದಕ್ಕೆ ತೊಗರಿಕಟ್ಟಿಗೆ ಒಟ್ಟುತ್ತ ಕುಳಿತಿದ್ದ. ಹೊಗೆಗೆ ಕಣ್ಣು ಕೆಂಪಾಗಿದ್ದವು.

“ನೀ ಕಾರ್ಡಿನ್ಯಾಗ ಬರದಿದ್ದೆಲ್ಲ,” ಎಂದ. ಅಷ್ಟೇ ಅವನ ಸ್ವಾಗತ. “ಎಲ್ಲಾರೂ ಇದೇ ಕುಡಿಲತ್ತೀವಿ. ರುಚಿ ಇಲ್ಲ.”

ತಾಯಿ ಸುಭದ್ರಾಬಾಯಿ ಯಾರೂ ಕರೆಯದೆ ಬಂದು, ಕುಪ್ಪಸದ ತೋಳು ಮೇಲೇರಿಸಿ ಮಗನ ಮುಂದೆ ಕುಳಿತಳು. “ಚುಚ್ಚು. ನೋಯ್ತಂದ್ರ ಹೊಡಿತೀನಿ ನೋಡು.” ಹೆಂಗಸರು ನಕ್ಕರು. ಅವಳ ಹಿಂದೆ ಸಾಲು ಬೆಳೆಯಿತು. ಮೂರೂವರೆಯ ಹೊತ್ತಿಗೆ ನಲವತ್ತಮೂರು ತೋಳುಗಳಾದವು. ಕೇರಿ ಮುಗಿಯಿತು.

ನೂರಾ ಏಳು ಬಾಕಿ.

ಸೂಜಿಗಳನ್ನು ಮತ್ತೆ ಕುದಿಯಲು ಹಾಕಿ ಅವನು ಅಪ್ಪನ ಪಕ್ಕ ಕುಳಿತ. ಕಾಶೀರಾಮ ತನ್ನೊಳಗೇ ಏನೋ ಗುನುಗುತ್ತಿದ್ದ. ನಾಗಪುರದಿಂದ ಕಿವಿಯಲ್ಲಿ ಹೊತ್ತು ತಂದ ಪಾಲಿ ಸಾಲುಗಳು. ಒಂದು ಪದದ ಅರ್ಥವೂ ಅವನಿಗೆ ಗೊತ್ತಿರಲಿಲ್ಲ, ಒಂದು ಪದವೂ ತಪ್ಪುತ್ತಿರಲಿಲ್ಲ. ಮಚ್ಛೇಂದ್ರನಿಗೆ ಅರ್ಥ ಗೊತ್ತಿತ್ತು, ಸಾಲು ಬಾಯಿಗೆ ಬರುತ್ತಿರಲಿಲ್ಲ.

“ಅಪ್ಪಾ, ಪಾಟೀಲರು ಒಂದು ಮಾತು ಹೇಳ್ಯಾರ.”

“ನನಗೂ ಹೇಳ್ಯಾರ. ಮೂರು ದಿನ ಆತು.”

“ಆ ಗಾಡ್ಯಾಗ ಏನೂ ಇಲ್ಲ. ಬಿಮಾರಿ ಇರೋದು ಹಳ್ಳದ ನೀರಾಗ.”

“ಹೌದು.”

“ಮತ್ತ ಎಳದ್ರ ಏನಾತು? ಬರೇ ಕಟಗಿ ಅದು.”

“ಬರೇ ಕಟಗಿ ಇದ್ರ ಅವರೇ ಎಳೀಲಿ.”

ಮಚ್ಛೇಂದ್ರ ಹಂಡೆಯ ಗುಳ್ಳೆಗಳನ್ನು ನೋಡಿದ. ಕಾಲೇಜಿನ ಚರ್ಚಾಕೂಟದಲ್ಲಿ ಅವನಿಗೆ ಬಹುಮಾನ ಬಂದಿತ್ತು.

“ಅವರಿಗೆ ತಿಳಿಯಂಗಿಲ್ಲಪಾ. ತಿಳಿಸ್ಲಿಕ್ಕ ವರ್ಷ ಬೇಕು. ಅಷ್ಟರಾಗ ಸಾಯ್ತಾರ. ನೀ ನಂಬಬ್ಯಾಡ, ಬರೇ ಎಳಿ. ಅವರ ಸಲುವಾಗಿ.”

“ನಲವತ್ತು ವರ್ಷ ಅವರ ಸಲುವಾಗಿನ ಎಳದೀನಲ್ಲ.”

“ಇದೊಂದ ಸಲ. ಕಡೀ ಸಲ.”

“ನನ್ನಪ್ಪಗೂ ಹಿಂಗೇ ಅಂದಿದ್ರು.”

ಪಾತ್ರೆ ತೊಳೆಯುತ್ತಿದ್ದ ಸುಭದ್ರಾಬಾಯಿ ಬೆನ್ನು ತಿರುಗಿಸದೆ ಹೇಳಿದಳು: “ಗಾಡಿ ಬಿಟ್ಟು ಬಂದವ ಎಂಟು ದಿವಸ ಸೀಮಿ ಒಳಗ ಕಾಲಿಡಂಗಿಲ್ಲ. ನಿಮ್ಮ ಪುಸ್ತಕದಾಗ ಇಲ್ಲೇನು ಅದು? ದೇವಿ ಅಂಟಿರ್ತಾಳಂತ. ಹಳ್ಳದ ಉಸುಕಿನ್ಯಾಗ ಮಲಗ್ಬೇಕು. ರೊಟ್ಟಿ ಕಲ್ಲಿನ ಮ್ಯಾಲಿಟ್ಟು ನಾ ಹೊಳ್ಳಿ ಬರ್ತಿದ್ದೆ, ನಾ ಮರೆಯಾದ ಮ್ಯಾಲ ಬಂದು ತಿಂತಿದ್ದ. ನೀ ಹುಟ್ಟಿದಾಗ ನಿಮ್ಮಪ್ಪ ಅಲ್ಲೇ ಇದ್ದ. ನಿನ್ನ ಮಾರಿ ನೋಡಿದ್ದು ಆರನೇ ದಿನಕ್ಕ.”

ಪುಸ್ತಕದಲ್ಲಿ ಅದು ಇತ್ತು. ರೋಗ ಅಂಟಿರಬಹುದಾದವರನ್ನು ಇಂತಿಷ್ಟು ದಿನ ಬೇರೆ ಇರಿಸುವುದು ಎಂದು ಒಂದು ಅಧ್ಯಾಯವೇ ಇತ್ತು. ಮಚ್ಛೇಂದ್ರನ ತಲೆಗೆ ಮೊದಲು ಹೊಳೆದದ್ದು ಅದೇ: ಸರಿಯಾಗಿದೆ, ಅಷ್ಟು ದಿನ ಸಾಕು. ಆಮೇಲೆ, ಬಹಳ ಆಮೇಲೆ, ಉಸುಕಿನಲ್ಲಿ ಮಲಗಿದ ಮನುಷ್ಯನ ಚಿತ್ರ ಬಂತು. ಮನುಷ್ಯ ಅಪ್ಪನೇ ಎಂದು ನಂಬಲು ಅವನು ಪಕ್ಕಕ್ಕೆ ತಿರುಗಿ ನೋಡಬೇಕಾಯಿತು.

“ಅವ್ವಾ, ನನ್ನ ಅರ್ಜಿ—” ಎಂದು ಶುರು ಮಾಡಿದ.

“ಹೇಳು. ಕೇಳ್ಲತ್ತೀನಿ.”

ಆದರೆ ಅರ್ಜಿಯ ವಿಷಯ ಈ ಅಂಗಳದಲ್ಲಿ ಹೇಗೆ ಹೇಳಿದರೂ ಸಣ್ಣದಾಗುತ್ತಿತ್ತು. ಅವನು ಬೇರೆಯದನ್ನೇ ಹೇಳಿದ: “ಇವತ್ತ ಸೂಜಿ ಹಾಕಲಿಲ್ಲಂದ್ರ ನಾಳಿ ಊರಾಗ ಇನ್ನಾ ನಾಕು ಮಂದಿ ಬೀಳ್ತಾರ.” ಅದೂ ನಿಜವೇ. ಇದರಲ್ಲಿ ಯಾವುದು ತನ್ನ ನಿಜ ಎಂದು ಅವನಿಗೆ ಬಗೆಹರಿಯಲಿಲ್ಲ.

ಕಾಶೀರಾಮ ಬೆಂಕಿಗೆ ಇನ್ನೊಂದು ಕಟ್ಟಿಗೆ ಹಾಕಿದ. “ಅವರಿಗೂ ನೀರು ಕಾಸ್ತೇನಿ ಅಂದೆ. ಎಷ್ಟು ಹಂಡೆ ಆದ್ರೂ. ನಮ್ಮ ಕೈ ನೀರು ಒಲ್ಲೆ ಅಂದ್ರು. ನಮ್ಮ ಕೈ ಹಗ್ಗಕ್ಕಷ್ಟ ಆಗ್ತದಂತ.”

ಹೊತ್ತು ಇಳಿಯುತ್ತಿದ್ದಂತೆ ಊರು ತಾನೇ ಬಂತು.

ಮುಂದೆ ಗಾಡಿ. ಅದನ್ನು ಯಾರೂ ಕೈಯಿಂದ ಮುಟ್ಟದೆ ಉದ್ದನೆಯ ಕೋಲುಗಳಿಂದ ದೂಡುತ್ತಿದ್ದರು. ಹಿಂದೆ ಗಂಡಸರು, ಅವರ ಹಿಂದೆ ಹೆಂಗಸರು. ಹಣಮಂತಪ್ಪ ಕೇರಿಯ ಮೊದಲ ಮನೆಗೆ ಹತ್ತು ಮಾರು ದೂರದಲ್ಲಿ ನಿಂತ. ಕಂಬಳಿ ಕೆಳಗಿಟ್ಟು, ಅಂಗಿಯ ತೋಳನ್ನು ಹೆಗಲಿನವರೆಗೆ ಸುತ್ತಿ ಏರಿಸಿದ. ಅವನನ್ನು ನೋಡಿ ಎಲ್ಲರೂ ಏರಿಸಿದರು.

“ಮಾತಂದ್ರ ಮಾತು,” ಎಂದ. “ಗಾಲಿ ಉರುಳಿದ್ದ ಕ್ಷಣಾ ಚುಚ್ಚು. ನಿನಗೂ ಹೊತ್ತಾಗಬಾರ್ದು, ಅಕಿಗೂ ಹೊತ್ತಾಗಬಾರ್ದು.”

ಮಚ್ಛೇಂದ್ರ ಎದ್ದ. ಕೆಲಸ ಅವನ ಕೈಗೆ ತಾನಾಗಿ ಬಂತು. ಊರನ್ನು ಸಾಲಾಗಿ ನಿಲ್ಲಿಸಿದ. ಕುದ್ದ ಸೂಜಿಗಳನ್ನು ತಟ್ಟೆಯಲ್ಲಿ ಹರವಿದ. ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ತೋಳು ಒರೆಸುತ್ತ ಹೋದ. ಹಣಮಂತಪ್ಪನ ರೋಮದ ತೋಳು, ಕುರುಬರ ಕಪ್ಪು ತೋಳುಗಳು, ಮುದುಕಿಯರ ಜೋತ ತೋಳುಗಳು. ಹುಟ್ಟಿದಾಗಿನಿಂದ ಇವರಲ್ಲಿ ಒಬ್ಬರನ್ನೂ ಅವನು ಮುಟ್ಟಿರಲಿಲ್ಲ. ಈಗ ಯಾರೂ ಹಿಂದೆ ಸರಿಯಲಿಲ್ಲ. ಒರೆಸಿಕೊಂಡು ತಣ್ಣಗಾಯಿತೆಂದು ನಕ್ಕರು. ಎಣಿಸಿದ: ನೂರಾ ಹನ್ನೆರಡು. ಬೇಕಾದ್ದಕ್ಕಿಂತ ಐದು ಹೆಚ್ಚು.

ಹಣಮಂತಪ್ಪ ಹಗ್ಗದ ತುದಿಯನ್ನು ಕೋಲಿನಿಂದ ಎತ್ತಿ ಕೇರಿಯ ಕಡೆ ಎಸೆದ. ಅದು ಅರ್ಧ ದಾರಿಯಲ್ಲಿ ಬಿತ್ತು. ಅದಕ್ಕಿಂತ ಮುಂದೆ ಬರಲು ಅವನಿಗೆ ಆಗುತ್ತಿರಲಿಲ್ಲ.

ಮಚ್ಛೇಂದ್ರ ಹೋಗಿ ಅದನ್ನು ಎತ್ತಿಕೊಂಡ. ಎಳೆಯುವುದಿಲ್ಲ, ಬರೀ ಇಲ್ಲಿಂದ ಅಲ್ಲಿಗೆ ಕೊಡುವುದು ಎಂದುಕೊಂಡ. ಹಗ್ಗದ ಇನ್ನೊಂದು ತುದಿ ಗಾಡಿಗೆ ಕಟ್ಟಿತ್ತು. ಅವನು ನಡೆದಷ್ಟೂ ಅದು ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಬಂತು. ಕಾಶೀರಾಮ ಹಂಡೆಯ ಪಕ್ಕದಲ್ಲಿ ಎದ್ದು ನಿಂತಿದ್ದ. ಬೂದಿ ಹತ್ತಿದ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ. ಕೇರಿಯವರು ನೋಡುತ್ತಿದ್ದರು. ಕೋಳಿ ಒಮ್ಮೆ ರೆಕ್ಕೆ ಬಡಿಯಿತು.

“ಅಪ್ಪಾ,” ಎಂದು ಮಚ್ಛೇಂದ್ರ ಹಗ್ಗ ಹಿಡಿದ ಕೈ ಚಾಚಿದ. ಅವನ ದನಿ ಅವನಿಗೇ ಪರಿಚಯವಿಲ್ಲದಷ್ಟು ಮೆತ್ತಗಿತ್ತು. “ಅವರು ಕೇಳ್ಲತ್ತಿಲ್ಲ. ನಾ ಕೇಳ್ಲತ್ತೀನಿ. ನಿನ್ನ ಮಗ.”

ಕಾಶೀರಾಮ ಹಗ್ಗವನ್ನು ನೋಡಲಿಲ್ಲ. ಮಗನ ಬೆರಳುಗಳನ್ನು ನೋಡಿದ, ಅವು ಅದನ್ನು ಹಿಡಿದಿದ್ದ ರೀತಿಯನ್ನು. ಆಮೇಲೆ ಮುಖ ಎತ್ತಿದ.

“ನೀ ಕೇಳಿದ್ರೂ ಇಲ್ಲ,” ಎಂದ. “ನಾ ಎಳಿಯಂಗಿಲ್ಲ.”

ಚಾಚಿದ ತೋಳುಗಳ ಮೇಲೆ ಸ್ಪಿರಿಟ್ಟು ಆರುತ್ತಿತ್ತು. ಇಳಿಜಾರಿನಲ್ಲಿ ಗಾಡಿ ತಾನಾಗಿ ಒಂದು ಗೇಣು ಹಿಂದಕ್ಕೆ ಸರಿಯಿತು. ಮಚ್ಛೇಂದ್ರನ ಮುಷ್ಟಿಯಲ್ಲಿ ಹಗ್ಗ ಬಿಗಿಯಾಯಿತು.